ಕಾವಲಿಗೆ ಬಾರದ ಸಂಶೋಧನೆ

ದೇಶದ ಭದ್ರತೆಗೆ ಕೃತಕ ಬುದ್ಧಿಮತ್ತೆ ಎಂಬ ಅರ್ಥದ ತಲೆಬರಹ ಹೊತ್ತ ಫೈನಲ್ ಇಯರ್ ಪ್ರಾಜೆಕ್ಟ್ ವರದಿಗಳು ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಲೈಬ್ರರಿಗಳಲ್ಲಿ ಸಾಲುಸಾಲಾಗಿವೆ. ಒಂದನ್ನು ಕೈಗೆತ್ತಿಕೊಂಡು ನೋಡಿ. ಮೊದಲ ಅಧ್ಯಾಯದಲ್ಲಿ ಗಡಿ, ಶತ್ರು, ಸೈಬರ್ ಯುದ್ಧ ಎಲ್ಲವೂ ಇರುತ್ತದೆ. ದತ್ತಾಂಶ ಎಲ್ಲಿಂದ ಬಂತು ಎಂಬಲ್ಲಿಗೆ ಬಂದರೆ ಬಹಳ ಸಲ ಸಿಗುವುದು ಒಂದೇ ಉತ್ತರ: ಕೆಡಿಡಿ ಕಪ್ 99, ಇಲ್ಲವೇ ಅದನ್ನೇ ತಿದ್ದಿ ಮಾಡಿದ ಎನ್‌ಎಸ್‌ಎಲ್-ಕೆಡಿಡಿ. 1998ರಲ್ಲಿ ಅಮೆರಿಕದ ಎಂಐಟಿ ಲಿಂಕನ್ ಲ್ಯಾಬೊರೇಟರಿಯವರು ಅಲ್ಲಿನ ವಾಯುಪಡೆಯ ಕಂಪ್ಯೂಟರ್ ಜಾಲವನ್ನು ಹೋಲುವ ಜಾಲವೊಂದನ್ನು ಪ್ರಯೋಗಶಾಲೆಯಲ್ಲಿ ಕಟ್ಟಿ, ಒಂಬತ್ತು ವಾರ ಅದರ ಮೇಲೆ ತಾವೇ ದಾಳಿ ನಡೆಸಿ ದಾಖಲಿಸಿಕೊಂಡದ್ದು ಅದರ ಮೂಲ. ಆ ದಾಳಿಗಳು ನಡೆದಾಗ ಇಂದು ವರದಿ ಬರೆಯುತ್ತಿರುವ ಹುಡುಗ ಹುಟ್ಟಿರಲಿಲ್ಲ. ಆಗ ಯುಪಿಐ ಇಲ್ಲ, ಆಧಾರ್ ಇಲ್ಲ, ವಾಟ್ಸ್‌ಆ್ಯಪ್ ಇಲ್ಲ. ಅಂಥ ದತ್ತಾಂಶದಲ್ಲಿ ಪಳಗಿಸಿದ ಮಾಡೆಲ್ ಭಾರತವನ್ನು ಕಾಯುತ್ತದೆ ಎಂದು ವಿದ್ಯಾರ್ಥಿ ಬರೆಯುತ್ತಾನೆ, ಗೈಡು ಸಹಿ ಹಾಕುತ್ತಾರೆ, ಎಕ್ಸ್‌ಟರ್ನಲ್ ಆಗಿ ಬಂದವರು ಅಂಕ ಕೊಟ್ಟು ಹೊರಡುತ್ತಾರೆ.

ಸೋಮಾರಿತನವಾಗಿದ್ದರೆ ಇಷ್ಟು ಚಿಂತೆ ಇರಲಿಲ್ಲ. ಸೋಮಾರಿಗೆ ತಾನು ಕೆಲಸ ಮಾಡಿಲ್ಲ ಎಂಬ ಅರಿವಾದರೂ ಇರುತ್ತದೆ. ನಮ್ಮ ವಿಶ್ವವಿದ್ಯಾಲಯಗಳಿಗೆ ಹಿಡಿದಿರುವುದು ತೃಪ್ತಿ. ಸಿಕ್ಕಿದ್ದೇ ದತ್ತಾಂಶ, ಬಂದದ್ದೇ ಫಲಿತಾಂಶ, ಅಚ್ಚಾದದ್ದೇ ಸಂಶೋಧನೆ ಎಂಬ ತೃಪ್ತಿ. ಬೇರೆ ವಿಷಯಗಳಲ್ಲಿ ಇದರಿಂದ ಹಾಳಾಗುವುದು ಒಬ್ಬ ವಿದ್ಯಾರ್ಥಿಯ ನಾಲ್ಕು ವರ್ಷ. ದೇಶದ ಭದ್ರತೆ ಎಂಬ ಹೆಸರಿಟ್ಟುಕೊಂಡು ಇದೇ ಕೆಲಸ ಮಾಡಿದರೆ ಹಾಳಾಗುವುದಕ್ಕೆ ಲೆಕ್ಕ ಇಡುವವರಿಲ್ಲ.

ಆ ವರದಿಗಳ ಕೊನೆಯಲ್ಲಿ ಬರುವ ಅಂಕಿಯನ್ನೇ ತೆಗೆದುಕೊಳ್ಳೋಣ. 98, 99, ಕೆಲವೊಮ್ಮೆ 99.8. ಮಾಡೆಲಿನ ಅಕ್ಯುರೆಸಿ ಇಷ್ಟು ಶೇಕಡಾ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿರುತ್ತದೆ. 2009ರಲ್ಲಿ ಕೆನಡಾದ ಸಂಶೋಧಕರು ಕೆಡಿಡಿ ದತ್ತಾಂಶವನ್ನು ಜಾಲಾಡಿದಾಗ ತರಬೇತಿಯ ಭಾಗದಲ್ಲಿ ಶೇಕಡಾ 78ರಷ್ಟು, ಪರೀಕ್ಷೆಯ ಭಾಗದಲ್ಲಿ ಶೇಕಡಾ 75ರಷ್ಟು ದಾಖಲೆಗಳು ಒಂದರ ನಕಲು ಇನ್ನೊಂದು ಎಂದು ತೋರಿಸಿದರು. ಅದೇ ಪ್ರಶ್ನೆ ಮತ್ತೆ ಮತ್ತೆ ಬರುವ ಪರೀಕ್ಷೆಯಲ್ಲಿ ಬಂದ ಅಂಕ ಅದು. ಇದು ಗೊತ್ತಾಗಿ ಹದಿನೈದು ವರ್ಷ ದಾಟಿದೆ. ಗೊತ್ತಿದ್ದೂ ಅದರ ಮೇಲೆಯೇ ಮನೆ ಕಟ್ಟುತ್ತಿದ್ದೇವೆ.

ದತ್ತಾಂಶ ಸರಿಯೇ ಇತ್ತೆನ್ನೋಣ. 99 ನಿಜವೇ ಎನ್ನೋಣ. ಒಂದು ಜಾಲದಲ್ಲಿ ದಿನಕ್ಕೆ ಹತ್ತು ಲಕ್ಷ ಸಂಪರ್ಕಗಳು ನಡೆಯುತ್ತವೆ, ಅವುಗಳಲ್ಲಿ ನೂರು ಮಾತ್ರ ಕೆಟ್ಟವು ಎಂದಿಟ್ಟುಕೊಳ್ಳಿ. ಕೆಟ್ಟದ್ದನ್ನು ನೂರಕ್ಕೆ 99 ಸಲ ಹಿಡಿದು, ಒಳ್ಳೆಯದನ್ನು ನೂರಕ್ಕೆ ಒಂದು ಸಲ ಮಾತ್ರ ತಪ್ಪಾಗಿ ಹಿಡಿಯುವ ಮಾಡೆಲನ್ನು ಅಲ್ಲಿ ಕೂರಿಸಿ. ಅದು 99 ಕಳ್ಳರನ್ನು ಹಿಡಿಯುತ್ತದೆ, ಜೊತೆಗೆ ಸುಮಾರು ಹತ್ತು ಸಾವಿರ ನಿರಪರಾಧಿಗಳನ್ನೂ ಹಿಡಿಯುತ್ತದೆ. ನೂರು ಸಲ ಗಂಟೆ ಬಾರಿಸಿದರೆ ಅದರಲ್ಲಿ ಒಂದು ಮಾತ್ರ ನಿಜ. ಮೂರನೆಯ ದಿನಕ್ಕೆ ಕಾವಲಿಗೆ ಕೂತವನು ಆ ಗಂಟೆಯನ್ನು ನಿಲ್ಲಿಸಿಬಿಡುತ್ತಾನೆ. ಇದು ಪಿಯುಸಿ ಹುಡುಗಿ ಬಿಡಿಸಬಲ್ಲ ಲೆಕ್ಕ. ಎಂ.ಟೆಕ್. ವೈವಾದಲ್ಲಿ ಇದನ್ನು ಕೇಳದೆ ಕಳಿಸುವ ಪ್ರಾಧ್ಯಾಪಕರೇ, ನೀವು ಏನನ್ನು ಪರೀಕ್ಷಿಸುತ್ತಿದ್ದೀರಿ? ಜಾಲದಲ್ಲಿ ಹಿಡಿಯುವುದು ಸಂಪರ್ಕವನ್ನು, ಅಲ್ಲಿ ತಪ್ಪಾದರೆ ಕೆಲಸ ಕೆಡುತ್ತದೆ. ಇದೇ ಲೆಕ್ಕವನ್ನು ರೈಲು ನಿಲ್ದಾಣದ ಕ್ಯಾಮೆರಾ ಎದುರು ಹಾದುಹೋಗುವ ಮುಖಗಳಿಗೆ ಹಾಕಿ. ಆ ಹತ್ತು ಸಾವಿರದಲ್ಲಿ ಬೀರೂರು ಜಂಕ್ಷನ್ನಿನಲ್ಲಿ ಇಳಿದು ಊರಿಗೆ ಹೊರಟ ನಿಮ್ಮ ಮಗನೂ ಇರಬಹುದು.

2025ರ ಆರಂಭದಲ್ಲಿ ನಮ್ಮ ರಾಜ್ಯದ ಉಪನೋಂದಣಿ ಕಚೇರಿಗಳಲ್ಲಿ ಜನ ದಿನಗಟ್ಟಲೆ ಕಾದು ವಾಪಸಾದದ್ದು ಹಲವರಿಗೆ ನೆನಪಿರಬೇಕು. ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶದ ಮೇಲೆ ದಾಳಿಯಾಗಿತ್ತು. ದಾಳಿಕೋರರು ಬಾಗಿಲು ಮುರಿಯಲಿಲ್ಲ. ನಕಲಿ ಖಾತೆಗಳನ್ನು ತೆರೆದು, ಇ.ಸಿ., ಅಂದರೆ ಋಣಭಾರ ಪತ್ರ, ಬೇಕು ಎಂಬ ಕೋರಿಕೆಗಳನ್ನು ಲೆಕ್ಕವಿಲ್ಲದಷ್ಟು ಸುರಿದು ತಂತ್ರಾಂಶದ ಉಸಿರುಗಟ್ಟಿಸಿದರು. ಒಂದೊಂದು ಕೋರಿಕೆಯನ್ನೂ ಬಿಡಿಯಾಗಿ ನೋಡಿದರೆ ಅದರಲ್ಲಿ ತಪ್ಪೇನೂ ಇಲ್ಲ. ಜಮೀನು ಕೊಳ್ಳುವವನು ಋಣಭಾರ ನೋಡುತ್ತಾನೆ, ಅಷ್ಟೆ.

ಇಂಥ ದಾಳಿಯನ್ನು ಅಮೆರಿಕದ ವಾಯುಪಡೆಯ ಹಳೆಯ ನಕಲು ಜಾಲ ಕಲಿಸಿಕೊಡಲಾರದು. ನಮ್ಮ ಕಡೂರಿನ ಉಪನೋಂದಣಿ ಕಚೇರಿಯಲ್ಲಿ ಒಂದು ವಾರ ಕೂತವನಿಗೆ ಅದರ ಸುಳಿವು ಸಿಗುತ್ತಿತ್ತು. ಚೌಳಹಿರಿಯೂರಿನ ರೈತನೊಬ್ಬ ತೋಟ ಕೊಳ್ಳಲು ಹೊರಟರೆ ಒಂದೋ ಎರಡೋ ಸರ್ವೆ ನಂಬರಿನ ಇ.ಸಿ. ಕೇಳುತ್ತಾನೆ, ತನ್ನ ಹೋಬಳಿಯದ್ದು, ಹೆಚ್ಚೆಂದರೆ ಪಕ್ಕದ ಹೋಬಳಿಯದ್ದು. ಸೊಸೈಟಿ ಸಾಲದ ಕಾಲದಲ್ಲಿ ಒತ್ತಡ ಏರುತ್ತದೆ, ಅಮಾವಾಸ್ಯೆಯ ದಿನ ನೋಂದಣಿಗೆ ಜನ ಕಡಿಮೆ. ಜನ ಕಚೇರಿಯನ್ನು ಹೇಗೆ ಬಳಸುತ್ತಾರೆ ಎಂಬ ಈ ತಿಳಿವಳಿಕೆಯೇ ಮೊದಲ ದತ್ತಾಂಶ. ಸಹಜ ಯಾವುದು ಎಂದು ತಿಳಿಯದವನಿಗೆ ಅಸಹಜ ಕಣ್ಣಿಗೆ ಬೀಳುವುದಿಲ್ಲ. ಇಷ್ಟು ಹತ್ತಿರದ ಪಾಠಶಾಲೆಯನ್ನು ಬಿಟ್ಟು ನಮ್ಮ ವಿಭಾಗಗಳು ಡೌನ್‌ಲೋಡ್ ಗುಂಡಿಯ ಮುಂದೆ ಕೂತಿವೆ.

ಭದ್ರತೆ ಎಂದರೆ ಗಡಿಯಲ್ಲಿ ನಿಂತ ಯೋಧ ಮಾತ್ರ ಎಂದುಕೊಂಡವರು 2012ರ ಆಗಸ್ಟ್ ಅನ್ನು ನೆನೆಯಬೇಕು. ಈಶಾನ್ಯ ರಾಜ್ಯಗಳ ಜನರ ಮೇಲೆ ಹಲ್ಲೆಯಾಗಲಿದೆ ಎಂಬ ಎಸ್‌ಎಂಎಸ್‌ಗಳೂ ವದಂತಿಗಳೂ ಹರಡಿ ಸಾವಿರಾರು ಮಂದಿ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದರು. ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಸರ್ಕಾರಕ್ಕೆ ತೋಚಿದ ಮದ್ದು, ಒಬ್ಬರು ಒಮ್ಮೆಗೆ ಐದಕ್ಕಿಂತ ಹೆಚ್ಚು ಜನರಿಗೆ ಎಸ್‌ಎಂಎಸ್ ಕಳಿಸದಂತೆ ದೇಶಕ್ಕೆಲ್ಲ ಕೆಲವು ದಿನ ತಡೆ ಹಾಕುವುದು. ಆರು ವರ್ಷದ ಮೇಲೆ, 2018ರಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ವಿಡಿಯೊ ನಂಬಿ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಅಮಾಯಕರನ್ನು ಹೊಡೆದು ಕೊಂದರು. ಆ ದಿನಗಳಲ್ಲಿ ಹರಿದಾಡಿದ ದೃಶ್ಯಗಳಲ್ಲಿ ಒಂದು, ಕರಾಚಿಯ ಸಂಸ್ಥೆಯೊಂದು ಮಕ್ಕಳ ಸುರಕ್ಷತೆಯ ಬಗ್ಗೆ ಅರಿವು ಮೂಡಿಸಲು ತೆಗೆದ ಚಿತ್ರದ ಕತ್ತರಿಸಿದ ತುಣುಕು. ಗಡಿಯಾಚೆಯ ಸದುದ್ದೇಶದ ಚಿತ್ರವೊಂದು ನಮ್ಮ ನಾಡಿನಲ್ಲಿ ಕೊಲೆಯ ಆಯುಧವಾಯಿತು. 2025ರ ಮೇ ತಿಂಗಳ ಆಪರೇಷನ್ ಸಿಂಧೂರದ ದಿನಗಳಲ್ಲಿ ವಿಡಿಯೊ ಗೇಮಿನ ದೃಶ್ಯಗಳೂ ಕೃತಕ ಬುದ್ಧಿಮತ್ತೆಯಿಂದ ತಿರುಚಿದ ದೃಶ್ಯಗಳೂ ಯುದ್ಧದ ಸುದ್ದಿಯಾಗಿ ಮನೆಮನೆ ತಲುಪಿದವು.

ಈ ಮೂರು ಸಂದರ್ಭಗಳಲ್ಲೂ ಬೇಕಾಗಿದ್ದದ್ದು ನಮ್ಮ ನುಡಿಗಳಲ್ಲಿ ವದಂತಿ ಹೇಗೆ ಹುಟ್ಟುತ್ತದೆ, ಯಾವ ಮಾತಿಗೆ ಜನ ಬೆದರುತ್ತಾರೆ, ಯಾರ ದನಿ ಕೇಳಿದರೆ ನಂಬುತ್ತಾರೆ ಎಂಬ ಅಧ್ಯಯನ. ಇಂಗ್ಲಿಷಿನ ಟ್ವೀಟುಗಳನ್ನು ಗುಡ್ಡೆ ಹಾಕಿ ದ್ವೇಷ ಪತ್ತೆ ಮಾಡುವ ಮಾಡೆಲಿಗೆ ಕಡೂರು ಸೀಮೆಯ ಬೈಗುಳವೂ ತಿಳಿಯದು, ಅಕ್ಕರೆಯೂ ತಿಳಿಯದು. ನಮ್ಮ ತಾಲ್ಲೂಕಿನ ತಾಂಡಾಗಳಲ್ಲಿ ಆಡುವ ಲಂಬಾಣಿ ಮಾತಿಗೆ ಸ್ವಂತ ಲಿಪಿಯಿಲ್ಲ. ವದಂತಿ ಅಲ್ಲಿ ಓಡುವುದು ವಾಯ್ಸ್ ಮೆಸೇಜಿನಲ್ಲಿ. ಅದನ್ನು ಕೇಳಿ ಬರೆದು ಗುರುತು ಹಾಕುವ ಕೆಲಸಕ್ಕೆ ಯಾವ ಕಂಪ್ಯೂಟರ್ ಸೈನ್ಸ್ ವಿಭಾಗ ಕನ್ನಡ ಎಂ.ಎ. ಓದುವವರನ್ನೂ ತಾಂಡಾದ ಹುಡುಗಿಯರನ್ನೂ ಕರೆದು ಕೂರಿಸಿಕೊಂಡಿದೆ? ಹೊರಗೆ ಹೆಜ್ಜೆಯಿಟ್ಟವರೂ ಇದ್ದಾರೆ ಎಂಬುದನ್ನು ಹೇಳಲೇಬೇಕು. ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ನೆರವಿನೊಂದಿಗೆ ನಡೆಸುತ್ತಿರುವ ವಾಣಿ ಯೋಜನೆಯವರು ಜಿಲ್ಲೆ ಜಿಲ್ಲೆಗೂ ಹೋಗಿ, ಜನರಿಗೆ ಚಿತ್ರ ತೋರಿಸಿ, ಅವರವರ ಮಾತಿನಲ್ಲಿ ವಿವರಿಸಲು ಹೇಳಿ ದನಿಯನ್ನು ಸಂಗ್ರಹಿಸುತ್ತಿದ್ದಾರೆ, ಸಂಗ್ರಹಿಸಿದ್ದನ್ನು ಎಲ್ಲರಿಗೂ ತೆರೆದಿಡುತ್ತಿದ್ದಾರೆ. ನಡೆಯಬಲ್ಲ ಕೆಲಸ ಎಂದು ಅವರು ತೋರಿಸಿಯಾಗಿದೆ. ಹಾಗಿರುವಾಗ ಜಿಲ್ಲೆಯ ಕಾಲೇಜುಗಳಿಗೆ ತಮ್ಮ ಹೋಬಳಿಯೇ ದೂರವಾಗಿರುವುದಕ್ಕೆ ಸಬೂಬು ಉಳಿದಿಲ್ಲ.

ಸ್ಥಳಕ್ಕೇ ಹೋಗಿ, ನೋಡಿ, ಎಣಿಸಿ ತಿಳಿದುಕೊಳ್ಳುವ ಇಂಥ ಕೆಲಸ ಈ ನೆಲಕ್ಕೆ ಹೊಸದಲ್ಲ. ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರದ ಮುಂದೆ ನಿತ್ಯ ಓಡಾಡುವ ನಮಗೆ ಆ ಹಸುಗಳ ಹಿಂದಿನ ಕಥೆ ಮರೆತಿದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಮೈಸೂರಿನ ಸೈನ್ಯದ ಓಟ ನಿಂತಿದ್ದದ್ದು ಈ ಎತ್ತುಗಳ ಮೇಲೆ. ಚಿದಂಬರದ ರಕ್ಷಣೆಗೆ ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿದ್ದು ಇವುಗಳ ಬಲದಿಂದ. ಆ ಬಲ ತಳಿಯಿಂದ ಮಾತ್ರ ಬಂದದ್ದಲ್ಲ. ಬೇಸಿಗೆಗೆ ಯಾವ ಕಾವಲು, ಅಂದರೆ ಯಾವ ಹುಲ್ಲುಗಾವಲು, ಮಳೆಗಾಲಕ್ಕೆ ಯಾವುದು, ಚಳಿಗಾಲಕ್ಕೆ ಯಾವುದು, ಎಲ್ಲಿ ನೀರು ಎಷ್ಟು ತಿಂಗಳು ನಿಲ್ಲುತ್ತದೆ ಎಂಬುದನ್ನೆಲ್ಲ ಬಲ್ಲ ಇಲಾಖೆಯೊಂದು ಇತ್ತು. ಟಿಪ್ಪು ಅದಕ್ಕೆ ಹುಕುಂನಾಮೆ ಬರೆಸಿದ್ದ. ವರ್ಷಕ್ಕೊಮ್ಮೆ ಹಿಂಡುಗಳನ್ನು ಕಣ್ಣೆದುರು ನಿಲ್ಲಿಸಿ ಎಣಿಸುತ್ತಿದ್ದರು. 1799ರ ನಂತರ ಬಂದ ಬ್ರಿಟಿಷರೂ ಆ ನಿಯಮಗಳಲ್ಲಿ ಬಹುಪಾಲನ್ನು ಹಾಗೆಯೇ ಉಳಿಸಿಕೊಂಡರು.

ಆಮೇಲೆ 1860ರಲ್ಲಿ ಖರ್ಚು ಉಳಿಸಬೇಕೆಂದು ಮದ್ರಾಸ್ ಸರ್ಕಾರ ಆ ಹಿಂಡುಗಳನ್ನು ಮಾರಿಬಿಟ್ಟಿತು. ಬೇಕಾದಾಗ ಸಂತೆಯಲ್ಲಿ ಕೊಂಡರಾಯಿತು ಎಂದು ನಂಬಿದ್ದವರಿಗೆ ಆರೇ ವರ್ಷದಲ್ಲಿ ಬಿಸಿ ತಟ್ಟಿತು. ಸೈನ್ಯಕ್ಕೆ ಎತ್ತು ಸಿಗದು, ಮೈಸೂರು ಸೀಮೆಯ ತಳಿಯೇ ಕೆಡುತ್ತಿದೆ ಎಂದು ಕಂಡುಕೊಂಡು 1866ರಲ್ಲಿ ಮತ್ತೆ ಹಿಂಡು ಕಟ್ಟಲು ಅನುಮತಿ ಕೊಡಬೇಕಾಯಿತು. ಮಾರುವುದು ಒಂದು ಹುಕುಂನ ಕೆಲಸ, ಹಿಂಡನ್ನು ಮತ್ತೆ ಹಿಂದಿನ ಸ್ಥಿತಿಗೆ ತರಲು ತಲೆಮಾರು ಬೇಕು. ಸ್ವಂತ ದತ್ತಾಂಶ ಕಟ್ಟಿಕೊಳ್ಳದೆ ಹೊರಗಿನವರು ಬಿಟ್ಟುಕೊಟ್ಟದ್ದರಲ್ಲಿ ಕಾಲ ಕಳೆಯುವ ಇಂದಿನ ವಿಶ್ವವಿದ್ಯಾಲಯಗಳು 1860ರ ಆ ಲೆಕ್ಕಿಗರ ಹಾದಿಯನ್ನೇ ಹಿಡಿದಿವೆ.

ಇನ್ನೊಂದು ದುರಭ್ಯಾಸವಿದೆ, ಅದು ಇದಕ್ಕಿಂತ ಅಪಾಯದ್ದು. ದೇಶದ ಭದ್ರತೆ ಎಂದೊಡನೆ ಪ್ರಶ್ನೆಗಳನ್ನು ಮಡಿಸಿಡುವುದು. ದತ್ತಾಂಶ ಯಾರದ್ದು, ಅವರನ್ನು ಕೇಳಿದಿರಾ, ತಪ್ಪಾದರೆ ಹೊಣೆ ಯಾರು ಎಂದರೆ ‘ಇದು ಸೂಕ್ಷ್ಮ ವಿಷಯ’ ಎಂಬ ಉತ್ತರ ಬರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ 17ನೇ ಸೆಕ್ಷನ್ ಓದಿ ನೋಡಿ. ದೇಶದ ಸುರಕ್ಷತೆಯ ಹೆಸರಿನಲ್ಲಿ ಸರ್ಕಾರ ತಾನು ಸೂಚಿಸಿದ ಸಂಸ್ಥೆಗಳಿಗೆ ವಿನಾಯಿತಿ ಕೊಡಬಹುದು, ಸಂಶೋಧನೆಗೂ ಷರತ್ತುಗಳೊಡನೆ ವಿನಾಯಿತಿ ಇದೆ. ವಿಶ್ವವಿದ್ಯಾಲಯದಲ್ಲಿ ನಡೆಯುವ ಭದ್ರತಾ ಸಂಶೋಧನೆ ಈ ಎರಡೂ ವಿನಾಯಿತಿಗಳು ಕೂಡುವ ಜಾಗ. ಕಾನೂನು ಅಲ್ಲಿ ಹಗುರಾದಷ್ಟೂ ಮೇಷ್ಟ್ರ ಹೊಣೆ ಭಾರವಾಗಬೇಕು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಮೊಕದ್ದಮೆ ಹೂಡಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಎಂಬತ್ತು ದಾಟಿದ ವಯಸ್ಸಿನಲ್ಲಿ. ಕಾನೂನಿನ ಆಧಾರ ಇದೆಯೇ, ಉದ್ದೇಶ ನ್ಯಾಯವಾದದ್ದೇ, ಅದಕ್ಕೆ ಬೇಕಾದಷ್ಟೇ ಕೈಹಾಕಿದ್ದೀರಾ ಎಂಬ ಮೂರು ಪ್ರಶ್ನೆಗಳನ್ನು ಆ ತೀರ್ಪು ಸರ್ಕಾರಕ್ಕೆ ಕಟ್ಟಿತು. ಎಷ್ಟು ಸಂಶೋಧನಾ ಪ್ರಸ್ತಾವನೆಗಳಲ್ಲಿ ಆ ಮೂರು ಪ್ರಶ್ನೆಗಳಿಗೆ ಒಂದು ಪುಟವಾದರೂ ಮೀಸಲಿದೆ?

ಮಿಲಿಟರಿಯವರಿಗೆ ಇದೆಲ್ಲ ಬೇಡ ಎಂಬುದೂ ಸುಳ್ಳು. ಡಿಆರ್‌ಡಿಒ 1986ರಲ್ಲಿ ಬೆಂಗಳೂರಿನಲ್ಲಿ ಕೃತಕ ಬುದ್ಧಿಮತ್ತೆ ಮತ್ತು ರೋಬಾಟಿಕ್ಸ್ ಕೇಂದ್ರವನ್ನು, ನಾವು ಕೇರ್ ಎನ್ನುವ ಸಂಸ್ಥೆಯನ್ನು, ತೆರೆಯಿತು. ದೇಶದ ಬಹುಪಾಲು ಕಾಲೇಜುಗಳಿಗೆ ಆಗಿನ್ನೂ ಆ ವಿಷಯದ ಹೆಸರೇ ಹೊಸದು. ಕೆನಡಾದಲ್ಲಿ ಪ್ರಾಧ್ಯಾಪಕರಾಗಿದ್ದ ಎಂ. ವಿದ್ಯಾಸಾಗರ್ ಬಂದು 1989ರಿಂದ 2000ದವರೆಗೆ ಅದನ್ನು ಮುನ್ನಡೆಸಿದರು. 2022ರ ಜುಲೈನಲ್ಲಿ ರಕ್ಷಣಾ ಸಚಿವಾಲಯ ಕೃತಕ ಬುದ್ಧಿಮತ್ತೆಯ 75 ಉತ್ಪನ್ನಗಳನ್ನು ಒಟ್ಟಿಗೆ ಬಿಡುಗಡೆ ಮಾಡಿತು. 2024ರ ಅಕ್ಟೋಬರಿನಲ್ಲಿ ವಿಶ್ವಾಸಾರ್ಹ ಕೃತಕ ಬುದ್ಧಿಮತ್ತೆಯನ್ನು ಅಳೆಯುವ ಚೌಕಟ್ಟೊಂದನ್ನೂ ಹೊರತಂದಿತು. ನಂಬಿಕೆಗೆ ಅರ್ಹವೇ, ಸುರಕ್ಷಿತವೇ, ಪಾರದರ್ಶಕವೇ, ನ್ಯಾಯವಾದದ್ದೇ, ಖಾಸಗಿತನ ಕಾಯುತ್ತದೆಯೇ ಎಂದು ಕೇಳಲು ಸೇನೆಯೇ ಮುಂದಾಗಿದೆ. ಪ್ರಶ್ನೆ ಕೇಳುವುದೇ ವೃತ್ತಿಯಾದ ವಿಶ್ವವಿದ್ಯಾಲಯ ಬಾಯಿ ಮುಚ್ಚಿಕೊಂಡು ಕೂರುವುದು ದೇಶಭಕ್ತಿಯಲ್ಲ, ಕರ್ತವ್ಯಲೋಪ.

ಚಳ್ಳಕೆರೆಯಲ್ಲಿ ಆದದ್ದು ಇದೇ ಮೌನದ ಫಲ. ಅಮೃತಮಹಲ್ ಕಾವಲುಗಳ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣೆಯ ಹೆಸರಿನಲ್ಲಿ ಹೋಯಿತು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ವರವು ಕಾವಲಿನಲ್ಲಿ ಡಿಆರ್‌ಡಿಒದ ಮಾನವರಹಿತ ವಿಮಾನಗಳ ಪರೀಕ್ಷಾ ನೆಲೆಗೆ 4,290 ಎಕರೆ. ಡ್ರೋನ್ ಹಾರಿಸಲು ಬಯಲು ಬೇಕು, ಒಪ್ಪೋಣ. ಆದರೆ ಆ ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದವರನ್ನು ಮೊದಲು ಕೂರಿಸಿಕೊಂಡು ಮಾತಾಡುವುದಕ್ಕೆ ಯಾವ ರಹಸ್ಯ ಅಡ್ಡಿಯಾಗಿತ್ತು? ಪ್ರಶ್ನೆ ಹಸಿರು ನ್ಯಾಯಮಂಡಳಿಯವರೆಗೆ ಹೋಗಬೇಕಾಯಿತು. ಅಂಥ ಕಾವಲು ಖಾಲಿ ಜಾಗವಲ್ಲ. ನಮ್ಮ ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಣೆಯಾಗಿ ಅಲ್ಲಿ ಕೃಷ್ಣಮೃಗಗಳು ಉಳಿದಿವೆ. ನೆಲವನ್ನು ಖಾಲಿ ಜಾಗ ಎಂದು ನಕ್ಷೆಯಲ್ಲಿ ಕಾಣುವ ಕಣ್ಣೇ ಜನರನ್ನು ಖಾಲಿ ದತ್ತಾಂಶ ಎಂದೂ ಕಾಣುತ್ತದೆ.

ಭದ್ರತೆ ನಮ್ಮ ಗೇಟಿನ ಹೊರಗಿನ ಸಂಗತಿ ಎಂದು ಪ್ರಾಧ್ಯಾಪಕರು ಎಂದೂ ಹೇಳುವಂತಿಲ್ಲ. 2005ರ ಡಿಸೆಂಬರ್ 28ರ ಸಂಜೆ ಭಾರತೀಯ ವಿಜ್ಞಾನ ಸಂಸ್ಥೆಯ ಟಾಟಾ ಸಭಾಂಗಣದ ಹೊರಗೆ ಗುಂಡು ಹಾರಿತು. ಸತ್ತವರು ದೆಹಲಿ ಐಐಟಿಯ ನಿವೃತ್ತ ಗಣಿತ ಪ್ರಾಧ್ಯಾಪಕ ಎಂ.ಸಿ. ಪುರಿ. ಅವರು ಬಂದಿದ್ದದ್ದು ಆಪರೇಷನಲ್ ರಿಸರ್ಚ್ ಸಮ್ಮೇಳನಕ್ಕೆ. ಎರಡನೆಯ ಮಹಾಯುದ್ಧದಲ್ಲಿ ವಿಜ್ಞಾನಿಗಳೂ ಗಣಿತಜ್ಞರೂ ರೆಡಾರ್ ಎಲ್ಲಿಡಬೇಕು, ಹಡಗುಗಳನ್ನು ಹೇಗೆ ಕೂಡಿಸಿ ಕಳಿಸಬೇಕು ಎಂದು ಲೆಕ್ಕ ಹಾಕುತ್ತ ಬೆಳೆಸಿದ ಶಾಸ್ತ್ರ ಅದು. ಆ ಶಾಸ್ತ್ರ ಬೆಳೆದದ್ದು ಹಡಗುಕಟ್ಟೆಗೆ, ವಿಮಾನ ನೆಲೆಗೆ ಹೋಗಿ, ಕಣ್ಣಾರೆ ನೋಡಿ ಬರೆದುಕೊಂಡವರಿಂದ.

ಚೌಳಹಿರಿಯೂರು, ಯಗಟಿ, ಪಂಚನಹಳ್ಳಿ ಕಡೆಯ ತಂದೆ-ತಾಯಂದಿರೇ, ನಿಮಗೂ ಒಂದು ಮಾತು. ಕೊಬ್ಬರಿ ಮಾರಿದ ದುಡ್ಡಿನಲ್ಲಿ ಮಗನಿಗೆ ಎಐ ಸೀಟು ಕೊಡಿಸಿದ್ದೀರಿ. ಏಳನೇ ಸೆಮಿಸ್ಟರಿನಲ್ಲಿ ಪ್ರಾಜೆಕ್ಟಿಗೆ ಎಂದು ಅವನು ದುಡ್ಡು ಕೇಳಿದಾಗ ಏನು ಮಾಡುತ್ತೀಯ ಎಂದು ಕೇಳಿ. ಬೆಂಗಳೂರಿನ ಪ್ರಾಜೆಕ್ಟ್ ಸೆಂಟರಿನಲ್ಲಿ ಕೋಡು, ವರದಿ, ಪಿಪಿಟಿ ಮೂರನ್ನೂ ಕೊಂಡು ತರುವುದಾದರೆ ಕೊಡಬೇಡಿ. ನಿಮ್ಮ ಮಗ ಕಲಿಯದೆ ಬಿಟ್ಟದ್ದನ್ನು ಇನ್ನೊಬ್ಬರ ಮಗ ಗಡಿಯಲ್ಲಿ ತೆರುತ್ತಾನೆ. ಪ್ರಾಜೆಕ್ಟಿಗೆ ವಿಷಯ ನಮ್ಮೂರಲ್ಲೇ ಇದೆ. 2023ರಲ್ಲಿ ಕರ್ನಾಟಕದಲ್ಲಿ ದಾಖಲಾದ ಸೈಬರ್ ಅಪರಾಧಗಳು 21,889, ದೇಶದಲ್ಲೇ ಹೆಚ್ಚು. ಹಿಂದಿನ ವರ್ಷ ಅದು 12,556 ಇತ್ತು. ಸಿಬಿಐನವರು ಎಂದು ಹೇಳಿಕೊಂಡು ವಿಡಿಯೊ ಕಾಲ್ ಮಾಡಿ ನಿವೃತ್ತ ಮೇಷ್ಟ್ರ ಪಿಂಚಣಿ ದೋಚುವವರ ದನಿ, ಅವರು ಬಳಸುವ ಮಾತು, ಹಣ ದಾಟಿಸುವ ಬಾಡಿಗೆ ಖಾತೆಗಳ ಜಾಡು, ಇದೆಲ್ಲ ನಮ್ಮೂರ ಮನೆಗಳಲ್ಲಿ ನಡೆದ ಸಂಗತಿ. ಅದೇ ಜಾಡಿನಲ್ಲಿ ದೇಶದ ಹೊರಗೆ ಕೋಟಿಗಟ್ಟಲೆ ಹಣ ಹೋಗುತ್ತಿದೆ. ಮೋಸ ಹೋದವರ ಒಪ್ಪಿಗೆ ಪಡೆದು, ಅವರ ಹೆಸರು ಅಳಿಸಿ, ಸೈಬರ್ ಅಪರಾಧ ನೋಡುವ ಜಿಲ್ಲೆಯ ಸಿಇಎನ್ ಠಾಣೆಯ ಜೊತೆ ಕೂತು ನೂರು ಪ್ರಕರಣಗಳನ್ನು ಶಿಸ್ತಾಗಿ ದಾಖಲಿಸಿದ ತಂಡ ದೇಶಕ್ಕೆ ಕೊಡುವುದು ಕೆಡಿಡಿಯ ಮೇಲೆ ಬಂದ ಸಾವಿರ ಪೇಪರುಗಳಿಗಿಂತ ಹೆಚ್ಚು. ಆ ತಂಡದ ಅಕ್ಯುರೆಸಿ 70 ಬಂದರೂ ಅದಕ್ಕೆ ಅರ್ಥವಿದೆ.

ನ್ಯಾಕ್‌ನವರು ಪೇಪರ್ ಎಣಿಸುತ್ತಾರೆ, ಬಡ್ತಿಗೆ ಸ್ಕೋಪಸ್ ಬೇಕು, ನಾವೇನು ಮಾಡೋಣ ಎಂದು ಪ್ರಾಧ್ಯಾಪಕರು ಕೈಚೆಲ್ಲುತ್ತಾರೆ. ದೇಶ ಸಂಶೋಧನೆಗೆ ಇಡುವುದು ಜಿಡಿಪಿಯ ಶೇಕಡಾ 0.64ರಷ್ಟು ಮಾತ್ರ ಎಂಬ ದೂರೂ ನ್ಯಾಯವಾದದ್ದೇ. ಆದರೆ ಸಹಿ ಹಾಕುವ ಪೆನ್ನು ನಿಮ್ಮ ಕೈಯಲ್ಲಿದೆ, ಅದಕ್ಕೆ ಅನುದಾನ ಬೇಕಿಲ್ಲ. ಈ ವರ್ಷ ಭದ್ರತೆ ಎಂಬ ಶಬ್ದ ಹೊತ್ತ ಸಿನಾಪ್ಸಿಸ್ ನಿಮ್ಮ ಮೇಜಿಗೆ ಬಂದಾಗ ಮಾಡೆಲ್ ಯಾವುದು ಎಂದು ಆಮೇಲೆ ಕೇಳಿ. ಈ ದತ್ತಾಂಶ ಯಾರದ್ದು, ಯಾವ ಊರಿನದ್ದು, ಯಾವ ವರ್ಷದ್ದು, ನೀವು ಅಲ್ಲಿಗೆ ಹೋಗಿದ್ದಿರಾ, ಕೊಟ್ಟವರಿಗೆ ಕೊಟ್ಟಿದ್ದೇವೆ ಎಂದು ಗೊತ್ತಿದೆಯೇ ಎಂದು ಮೊದಲು ಕೇಳಿ. ಉತ್ತರ ಬರದಿದ್ದರೆ ಸಹಿ ಹಾಕದೆ ವಾಪಸು ಕಳಿಸಿ.